ದೊಡ್ಡಪ್ಪನಿಗೆ ತೋರಿಸಿದ ಸಿನಿಮಾ

ಗಂಗಾವತಿಯ ಡೇರೆಯಲ್ಲಿ ಹೊಸ ಸಿನಿಮಾ ಬಂದಾಗಲೆಲ್ಲ ಓಣಿಯ ಹೆಂಗಸರು ಮೊದಲು ನನ್ನ ಮನೆಗೆ ಬರುತ್ತಿದ್ದರು. ನೋಡಬಹುದೇ, ಅತ್ತೆಯನ್ನು ಕರೆದುಕೊಂಡು ಹೋದರೆ ಬೈಸಿಕೊಳ್ಳಬೇಕಾಗುತ್ತದೆಯೇ, ಮಕ್ಕಳು ಹೆದರುತ್ತಾರೆಯೇ ಎಂದೆಲ್ಲ ಕೇಳುತ್ತಿದ್ದರು. ದೇವರ ಸಿನಿಮಾ ಯಾವುದು, ಸಂತರದು ಯಾವುದು, ನೋಡಿ ಬಂದ ಮೇಲೆ ಎರಡು ದಿನ ಮನಸ್ಸು ಹಗುರಾಗಿರುವಂಥದ್ದು ಯಾವುದು ಎಂದು ನಾನು ಹೇಳಬೇಕಿತ್ತು. ನಾನು ಹೇಳಿದ ಒಂದು ಸಿನಿಮಾ ನೋಡಿ ಬಂದ ಮೇಲೆ ನಮ್ಮ ಹಿಂದಿನ ಮನೆಯವಳು ಬಾವಿಯ ಕಡೆ ನೋಡುತ್ತ ನಿಲ್ಲುವುದನ್ನು ಬಿಟ್ಟಳು. ಹೀಗಾಗಿ ನನ್ನನ್ನು ಎಲ್ಲರೂ ದೊಡ್ಡ ಭಕ್ತಳೆಂದು ತಿಳಿದಿದ್ದರು.

ನಾನು ಮೊಟ್ಟಮೊದಲು ಒಬ್ಬರಿಗೆ ಸಿನಿಮಾ ನೋಡಿರೆಂದು ಹೇಳಿದ್ದು ಭಕ್ತಿಯಿಂದಲ್ಲ. ಹತ್ತು ಜನರ ಮುಂದೆ ಅವನ ಮುಖ ಕಪ್ಪಾಗಲಿ ಎಂದು ಹೇಳಿದ್ದೆ. ಅವನು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ಊರೆಲ್ಲ ಅವನನ್ನು ‘ಅವರು’ ಎನ್ನುತ್ತಿತ್ತು. ಎದುರಿಗೆ ನಾನೂ ಹಾಗೆಯೇ ಅಂದೆ. ಕಾಗದದ ಮೇಲೆ ಅವನಿಗೆ ಆ ಮರ್ಯಾದೆ ಕೊಡಲು ಈಗಲೂ ನನ್ನ ಕೈ ಏಳುವುದಿಲ್ಲ.

ನಮ್ಮದು ಕೊಪ್ಪಳದಲ್ಲಿ ಹತ್ತಿ ವ್ಯಾಪಾರದ ಮನೆತನ. ನನಗೆ ಏಳು ವರ್ಷವಿದ್ದಾಗ ಅಪ್ಪ ಜ್ವರ ಬಂದು ತೀರಿಕೊಂಡ. ಅಂದಿನಿಂದ ಅವ್ವ ಅಡುಗೆಮನೆಯ ಹಿಂದಿನ ಭಾಗಕ್ಕೆ ಸೇರಿಹೋದಳು. ನಸುಕಿನಲ್ಲಿ ಎದ್ದು ಜೋಳ ಬೀಸುವುದು, ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದು, ದನಗಳ ಸೆಗಣಿ ಬಾಚುವುದು ಅವಳ ಪಾಲು. ಮುಂದಿನ ಪಡಸಾಲೆಗೆ ಅವಳು ಕಾಲಿಡುವಂತಿರಲಿಲ್ಲ. ಅದೇ ಪಡಸಾಲೆಯಲ್ಲಿ ಪ್ರತಿ ಸೋಮವಾರ ದೊಡ್ಡಪ್ಪನ ಭಜನೆ ನಡೆಯುತ್ತಿತ್ತು. ತಾಳ, ಏಕತಾರಿ, ದಪ್ಪು ಎಲ್ಲವೂ ಅವನವೇ. ಹಣೆತುಂಬ ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿ ಹಾಡಲು ಕುಳಿತರೆ ಹೊಸಬರು ಕೈ ಮುಗಿಯುತ್ತಿದ್ದರು. ಅವನ ದನಿ ಚೆನ್ನಾಗಿತ್ತು ಎಂಬುದನ್ನು ಮಾತ್ರ ನಾನು ಸುಳ್ಳೆನ್ನಲಾರೆ.

ನನ್ನ ಮದುವೆ ಹದಿನಾರನೆಯ ವರ್ಷಕ್ಕೆ ಆಯಿತು. ವರ ಗಂಗಾವತಿಯ ಸರ್ಕಾರಿ ಸಾಲೆಯ ಮಾಸ್ತರ. ಮದುವೆಯ ದಿನ ಬೆಳಕು ಹರಿಯುವ ಮೊದಲೇ ಅವ್ವ ಯಾರಿಗೂ ಕಾಣದಂತೆ ಬಂದು ನನ್ನ ತಲೆಗೆ ಎಣ್ಣೆ ಹಚ್ಚಿ ಹೆಣಿಕೆ ಹಾಕಿದಳು. ಹೂವು ಮುಡಿಸಲು ಹೋಗಿ ಕೈ ಹಿಂದೆ ತೆಗೆದುಕೊಂಡು, ಹೂವನ್ನು ನನ್ನ ಮಡಿಲಲ್ಲಿ ಇಟ್ಟಳು. ಅಷ್ಟರಲ್ಲಿ ದೊಡ್ಡಪ್ಪ ಬಾಗಿಲಿಗೆ ಬಂದು ನಿಂತಿದ್ದ. ಅವನು ಅವ್ವನಿಗೆ ಒಂದು ಮಾತೂ ಅನ್ನಲಿಲ್ಲ. ಹಿಂದೆ ನಿಂತಿದ್ದ ದೊಡ್ಡವ್ವನಿಗೆ ಹೇಳಿದ: "ಬೀಗರ ಮಂದಿ ಎದ್ದಾರ. ಇಕಿ ಮಾರಿ ಹೊರಗ ಕಾಣಬಾರದು. ಹತ್ತಿಕೋಣ್ಯಾಗ ಕುಂದರ್ಸಿ ಅಗಳಿ ಹಾಕು."

ಹತ್ತಿಕೋಣೆ ಎಂದರೆ ಮನೆಯ ಹಿಂಬದಿ ಹತ್ತಿ ಒಟ್ಟುವ ಕೋಣೆ. ಕಿಟಕಿ ಇಲ್ಲ. ಒಳಗೆ ಹೋದರೆ ಮೂಗು ಬಾಯಿಗೆ ಅರಳೆ ಹೊಕ್ಕು ಉಸಿರು ಕಟ್ಟುತ್ತದೆ. ದೊಡ್ಡವ್ವ ಅವ್ವನ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಅವ್ವ ಕೊಸರಲಿಲ್ಲ. ಆಮೇಲೆ ನಾನು ಹಂದರದಲ್ಲಿ ಬಾಸಿಂಗ ಕಟ್ಟಿಕೊಂಡು ಕುಳಿತೆ. ವಾಲಗ ನಿಂತ ಕೂಡಲೇ ಒಳಗಿನಿಂದ ಕೆಮ್ಮು ಕೇಳಿಸಿತು. ವಾಲಗ ಮತ್ತೆ ಶುರುವಾಯಿತು, ಮತ್ತೆ ನಿಂತಿತು, ಮತ್ತೆ ಕೆಮ್ಮು. ಅಕ್ಕಿಕಾಳು ತಲೆಯ ಮೇಲೆ ಬೀಳುವಾಗಲೂ ನಾನು ಅದನ್ನೇ ಕೇಳುತ್ತಿದ್ದೆ. ಸಂಜೆಯ ಹೊತ್ತಿಗೆ ನನ್ನನ್ನು ಬಂಡಿ ಹತ್ತಿಸಿ ಗಂಗಾವತಿಗೆ ಕಳಿಸಿದರು. ಅವ್ವನನ್ನು ಕಂಡು ಹೋಗುತ್ತೇನೆ ಎಂದೆ. ದೊಡ್ಡಪ್ಪ ಹೊತ್ತಾಯಿತು ಎಂದ. ಆರು ತಿಂಗಳ ಮೇಲೆ ಪಂಚಮಿಗೆ ತವರಿಗೆ ಹೋದಾಗ ಅವ್ವ, ಅಂದು ಅಲ್ಲಿ ಮೆತ್ತಗೆ ಇತ್ತು, ಛಲೋ ನಿದ್ದೆ ಆಯಿತು ಎಂದು ನಕ್ಕಳು. ಆ ನಗು ನನ್ನೊಳಗೆ ಕೆಂಡವಾಗಿ ಕುಳಿತಿತು.

ಯುದ್ಧ ನಡೆದಿದ್ದ ಕಾಲ ಅದು. ನನ್ನ ಗಂಡನಿಗೆ ಸಿನಿಮಾದ ಹುಚ್ಚು ವಿಪರೀತ. ಭತ್ತದ ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಮುಂದೆ ನೆಲದ ಮೇಲೆ ಕೂಡುವವರು, ಹಿಂದೆ ಬೆಂಚು, ಅದರ ಹಿಂದೆ ದೊಡ್ಡ ಮಂದಿಗೆ ಕುರ್ಚಿ. ನಡುವೆ ಉದ್ದಕ್ಕೆ ಒಂದು ಪರದೆ ಕಟ್ಟಿ ಈಚೆ ಹೆಂಗಸರು, ಆಚೆ ಗಂಡಸರು. ಬರುತ್ತಿದ್ದವು ಹೆಚ್ಚಾಗಿ ಹಿಂದಿ ಚಿತ್ರಗಳು. ಗಂಡ ಕಲಿಸಿದ ಉರ್ದು, ಪಕ್ಕದ ಮನೆಯ ಮುಸಲ್ಮಾನರ ಹೆಂಗಸು ಕಲಿಸಿದ ಮಾತು ಎರಡೂ ಸೇರಿ ನನಗೆ ಅವು ತಿಳಿಯುತ್ತಿದ್ದವು. ಸುತ್ತ ಕುಳಿತ ಹೆಂಗಸರಿಗೆ ನಾನೇ ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದೆ. ದೂರದ ಮರಳಿ ಹಳ್ಳಿಯಿಂದ ಬಂಡಿ ಕಟ್ಟಿಕೊಂಡು ಬಂದವರೂ ಮೊದಲು ನಾನು ಎಲ್ಲಿ ಕುಳಿತಿದ್ದೇನೆಂದು ಹುಡುಕಿ ಅಲ್ಲಿ ಚಾಪೆ ಹಾಸುತ್ತಿದ್ದರು.

ಒಂದು ವರ್ಷ ಬಂದ ದೇವರ ಚಿತ್ರದ ಕಥೆ ಹೀಗಿತ್ತು. ಒಬ್ಬ ಸಾಹುಕಾರ, ದೊಡ್ಡ ಭಕ್ತ. ಇಂಥ ದಿನ ನಿನ್ನ ಮನೆಗೆ ಬರುತ್ತೇನೆ ಎಂದು ದೇವರು ಅವನ ಕನಸಿನಲ್ಲಿ ಹೇಳುತ್ತಾನೆ. ಅವನು ಮನೆಗೆ ಸುಣ್ಣ ಬಳಿಸಿ, ತೋರಣ ಕಟ್ಟಿ, ಊರನ್ನೆಲ್ಲ ಊಟಕ್ಕೆ ಕರೆಯುತ್ತಾನೆ. ಅಂದು ಬೆಳಿಗ್ಗೆ ಹರಕು ಸೀರೆಯ ಒಬ್ಬ ಮುದುಕಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅಪಶಕುನ ಎಂದು ಆಕೆಯನ್ನು ಕಟ್ಟಿಗೆಯ ಕೋಣೆಯಲ್ಲಿ ಕೂಡಿ ಹಾಕಿಸುತ್ತಾನೆ. ಸಂಜೆಯಾದರೂ ದೇವರು ಬರುವುದಿಲ್ಲ. ಅಳುತ್ತ ಮಲಗಿದವನಿಗೆ ಮತ್ತೆ ಕನಸು. ನಾನು ಬೆಳಿಗ್ಗೆಯೇ ಬಂದೆ, ನೀನೇ ಅಗಳಿ ಹಾಕಿದೆ ಎನ್ನುತ್ತಾನೆ ದೇವರು. ಅವನು ಓಡಿಹೋಗಿ ಬಾಗಿಲು ಒಡೆದು ಮುದುಕಿಯ ಕಾಲಿಗೆ ಬೀಳುತ್ತಾನೆ. ಆಮೇಲೆ ಹಾಡು, ಹೂಮಳೆ.

ಹೆಂಗಸರೆಲ್ಲ ಅತ್ತರು. ಆ ಚಿತ್ರವನ್ನು ಮೂರು ಸಲ ನೋಡಿದೆ. ಕೊನೆಯಲ್ಲಿ ದೇವರು ಅವನನ್ನು ಕ್ಷಮಿಸುವುದು ಮಾತ್ರ ಮೂರು ಸಲವೂ ನನಗೆ ಹಿಡಿಸಲಿಲ್ಲ. ಡೇರೆ ಮುಂದೆ ಯಾವ ಊರಿಗೆ ಹೋಗುತ್ತದೆ ಎಂದು ಗಂಡನ ಕಡೆಯಿಂದ ಕೇಳಿಸಿದೆ. ಮೊದಲು ಕೊಪ್ಪಳ, ಆಮೇಲೆ ಕುಷ್ಟಗಿ, ಆಮೇಲೆ ಯಲಬುರ್ಗಾ. ಕೊಪ್ಪಳದಲ್ಲಿ ಅದು ಎಳ್ಳಮಾಸಿ ಹಬ್ಬದ ಹೊತ್ತಿಗೆ ಇರುತ್ತದೆ ಎಂದು ತಿಳಿಯಿತು. ತವರಿಗೆ ಹೋಗಲು ನನಗೆ ನೆಪ ಸಿಕ್ಕಿತು.

ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಮುಖತುಂಬ ಮಸಿ ಮಾಡಿಕೊಂಡು ಕೊಪ್ಪಳಕ್ಕೆ ಹೋಗಿ ಇಳಿದೆ. ಡೇರೆಯ ಮುಂದಿನ ದೊಡ್ಡ ಬೋರ್ಡಿಗೆ ಕಿನ್ನಾಳದ ಚಿತ್ರಗಾರನೊಬ್ಬ ಬಣ್ಣ ಹಾಕುತ್ತಿದ್ದ. ಹರಕು ಸೀರೆಯ ಮುದುಕಿಗೂ ಅವನು ತನ್ನೂರಿನ ಮರದ ಗೊಂಬೆಗೆ ಹಚ್ಚುವ ಕೆಂಪು, ಹಸಿರು ಹಚ್ಚಿದ್ದ.

ದೊಡ್ಡಪ್ಪನಿಗೆ ಸಿನಿಮಾ ಎಂದರೆ ಪಾಪ. ನಾನು ಒಬ್ಬಳೇ ಹೋಗಿ ಹೇಳಿದ್ದರೆ ಬೈದು ಕಳಿಸುತ್ತಿದ್ದ. ಅದಕ್ಕೆ ಸೋಮವಾರದವರೆಗೆ ಕಾದೆ. ಭಜನೆ ಮುಗಿದು ಎಲ್ಲರೂ ಬಾಳೆಹಣ್ಣು ತಿನ್ನುತ್ತಿದ್ದಾಗ ಪಡಸಾಲೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತು ಹೇಳಿದೆ: "ದೊಡ್ಡಪ್ಪಾರ, ಡೇರ್ಯಾಗ ಬಂದಿದ್ದು ಸಿನಿಮಾ ಅಲ್ಲರಿ, ಪುರಾಣರಿ. ಒಬ್ಬ ಭಕ್ತನ ಮನಿಗೆ ದೇವರು ಖುದ್ದ ಬರ್ತಾನ. ನೋಡಿದಾಗ ನನಗ ನಿಮ್ಮ ನೆನಪಾತು. ನೀವು ನೋಡಬೇಕ್ರಿ."

ಒಂದು ಮಾತೂ ಸುಳ್ಳಲ್ಲ. ಭಜನೆಯವರು ನಾವೂ ಬರುತ್ತೇವೆ, ಕೂಡಿಯೇ ಹೋಗೋಣ ಎಂದು ಶುರು ಮಾಡಿದರು. ದೇವರ ಕಥೆಗೆ ಒಲ್ಲೆ ಎನ್ನುವುದು ಅವರ ಮುಂದೆ ಅವನಿಗೆ ಆಗಲಿಲ್ಲ. ನಾಳೆಯೇ ಹೋಗುವುದೆಂದಾಯಿತು. ಮನೆಯ ಹೆಂಗಸರೂ ಬರಲಿ ಎಂದು ಅವನೇ ಅಂದ. ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಕೇಳಿದೆ. ಮನೆ ಕಾಯುವವರು ಬೇಡವೇ ಎಂದ. ಆಗ ನನಗೆ ದುಃಖವಾಗಲಿಲ್ಲ. ಅವನ ತಪ್ಪಿನ ಲೆಕ್ಕಕ್ಕೆ ಇನ್ನೂ ಒಂದು ಸೇರಿತು ಎಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಮೊದಲ ಆಟ. ದೊಡ್ಡಪ್ಪ ಜರಿಯ ರುಮಾಲು ಸುತ್ತಿಕೊಂಡು ಭಜನೆಯವರ ನಡುವೆ ಕುರ್ಚಿಯಲ್ಲಿ ಕುಳಿತ. ನಾನು ದೊಡ್ಡವ್ವನನ್ನು ಕರೆದುಕೊಂಡು ಪರದೆಯ ಅಂಚಿಗೇ ಕುಳಿತೆ. ಪರದೆಯ ಎರಡು ಬಟ್ಟೆ ಕೂಡುವಲ್ಲಿ ಒಂದು ಸಂದು ಇತ್ತು. ಅದರಿಂದ ಹಿಂದಿರುಗಿ ನೋಡಿದರೆ ಅವನ ಮುಖ ಕಾಣುತ್ತಿತ್ತು. ಸಿನಿಮಾದ ತೆರೆಯ ಮೇಲೆ ಏನು ನಡೆಯುತ್ತದೆ ಎಂಬುದು ನನಗೆ ಬಾಯಿಪಾಠ. ನಾನು ಬಂದದ್ದು ಆ ಮುಖವನ್ನು ನೋಡಲು.

ದೊಡ್ಡವ್ವನಿಗೆ ಹಿಂದಿ ಬಾರದು. ಮಗ್ಗಲಿನ ಹೆಂಗಸರಿಗೂ ಬಾರದು. ನಾನು ಮೆಲ್ಲಗೆ ಹೇಳುತ್ತ ಹೋದೆ. ಮುದುಕಿಯನ್ನು ಎಳೆದುಕೊಂಡು ಹೋಗುವ ಭಾಗ ಬಂದಾಗ ನನ್ನ ಬಾಯಲ್ಲಿ ಕಟ್ಟಿಗೆಯ ಕೋಣೆ ಎಂದು ಬರಬೇಕಾಗಿತ್ತು. ನಾನು ಹತ್ತಿಕೋಣೆ ಎಂದೆ. ಬೇಕೆಂದೇ ಅಂದೆ. "ಮಾರಿ ಹೊರಗ ಕಾಣಬಾರದು, ಹತ್ತಿಕೋಣ್ಯಾಗ ಕುಂದರ್ಸಿ ಅಗಳಿ ಹಾಕು ಅಂತ ಹೇಳಾಕತ್ಯಾನ, ದೊಡ್ಡವ್ವ."

ನನ್ನ ತೊಡೆಯ ಮೇಲಿದ್ದ ದೊಡ್ಡವ್ವನ ಕೈ ಅಲ್ಲಿಯೇ ಬಿಗಿಯಿತು. ಅವಳು ನನ್ನ ಕಡೆ ತಿರುಗಲಿಲ್ಲ. ತೆರೆಯ ಮೇಲೆ ಕಟ್ಟಿಗೆಯ ರಾಶಿ ಅವಳಿಗೂ ಕಾಣುತ್ತಿತ್ತು. ಆದರೂ ಅದು ಕಟ್ಟಿಗೆಯಲ್ಲವೇ ಎಂದು ಅವಳು ಕೇಳಲಿಲ್ಲ.

ನಾನು ಸಂದಿನಿಂದ ನೋಡಿದೆ. ದೊಡ್ಡಪ್ಪ ಅಳುತ್ತಿದ್ದ. ಬಾಗಿಲು ಒಡೆಯುವ ಭಾಗದಲ್ಲಿ ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡ, ಎರಡು ಕೈ ಎತ್ತಿ ಮುಗಿದ. ಹೊಡೆತ ಬಿತ್ತು ಎಂದು ನನಗೆ ಮೈಯೆಲ್ಲ ಹಿಗ್ಗಿತು. ಹೊರಗೆ ಬಂದ ಮೇಲೆ ಅವನು ತಲೆ ತಗ್ಗಿಸಿಕೊಂಡು ಹೋಗುವುದನ್ನು, ಮನೆಗೆ ಹೋಗಿ ಅವ್ವನ ಮುಂದೆ ನಿಲ್ಲಲಾರದೆ ನಿಲ್ಲುವುದನ್ನು ಮನಸ್ಸಿನಲ್ಲೇ ನೋಡಿದೆ.

ಹೊರಗೆ ಬಂದಾಗ ಅವನು ಡೇರೆಯ ದೀಪದ ಕೆಳಗೆ ಮಂದಿಯ ನಡುವೆ ನಿಂತು ಮಾತನಾಡುತ್ತಿದ್ದ. ಮುಖದಲ್ಲಿ ಕಳೆ ಇತ್ತು. "ದೇವರು ಎಲ್ಲಾರ ಮನಿಗೆ ಬರೂದಿಲ್ಲ," ಎನ್ನುತ್ತಿದ್ದ. "ಅಂಥಾ ಮನಿ ಇರಬೇಕು. ಅಂಥಾ ಭಕ್ತಿ ಇರಬೇಕು. ಒಂದ ತಪ್ಪು ಆಗಿರಬಹುದು ಅಂವಂದು. ಆದ್ರ ದೇವರು ಬಂದಿದ್ದು ಅಂವನ ಮನಿಗೇ ಅಲ್ಲೇನು?" ಸುತ್ತಲಿನವರು ಹೌದೌದು ಎಂದರು. ನಿಮ್ಮ ಮನೆಗೂ ಬರುತ್ತಾನೆ ಸಾಹುಕಾರ್ರ ಎಂದು ಒಬ್ಬ ಅಂದ. ದೊಡ್ಡಪ್ಪ ಬೇಡವೆನ್ನುವಂತೆ ಕೈಯಾಡಿಸಿದ, ನಕ್ಕ. ನನ್ನನ್ನು ಕಂಡು ಹತ್ತಿರ ಕರೆದು, ಛಲೋ ಸಿನಿಮಾ ಹೇಳಿದೆಯವ್ವಾ ಎಂದು ತಲೆಯ ಮೇಲೆ ಕೈ ಇಟ್ಟ.

ಅಷ್ಟು ಹೊಟ್ಟೆಯುರಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಬಡಿಯಲು ತಂದ ಕೋಲನ್ನು ಅವನು ಊರುಗೋಲು ಮಾಡಿಕೊಂಡಿದ್ದ. ಮರುದಿನ ಮತ್ತೆ ಹೋಗಿ ನೋಡಿ ಬಂದ. ಅಂಗಡಿಗೆ ಬಂದವರಿಗೆಲ್ಲ ನೋಡಿರೆಂದು ಹೇಳಿದ. ಕುಷ್ಟಗಿಯ ಬೀಗರಿಗೂ ಯಲಬುರ್ಗಾದ ತನ್ನ ತಂಗಿಯ ಮನೆಗೂ, ಡೇರೆ ನಿಮ್ಮೂರಿಗೆ ಬಂದಾಗ ಮನೆಮಂದಿಯೆಲ್ಲ ತಪ್ಪದೆ ನೋಡತಕ್ಕದ್ದು ಎಂದು ಕಾಗದ ಬರೆಸಿದ. ಮುಂದಿನ ಸೋಮವಾರ ಭಜನೆಯವರಿಗೆಲ್ಲ ಊಟ ಹಾಕುವೆನೆಂದ. ನಾನು ಗಂಗಾವತಿಗೆ ಹೊರಟಿದ್ದವಳು ಉಳಿದೆ. ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಸೋತು ಹೋಗಲು ಮನಸ್ಸಿರಲಿಲ್ಲ, ಅಷ್ಟೇ.

ಆ ವಾರವೆಲ್ಲ ದೊಡ್ಡವ್ವ ಯಾರ ಜೊತೆಗೂ ಹೆಚ್ಚು ಮಾತನಾಡಲಿಲ್ಲ. ಅವಳು ದಪ್ಪ ಮೈಯ, ನಿಧಾನದ ಹೆಂಗಸು. ಗಂಡ ಹೇಳಿದ್ದನ್ನು ಮಾಡುವುದು ಬಿಟ್ಟು ಬೇರೆ ಏನನ್ನೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅವಳ ಮೇಲೂ ನನಗೆ ಸಿಟ್ಟಿತ್ತು. ಅಗಳಿ ಹಾಕಿದ್ದು ಅವಳ ಕೈ.

ಸೋಮವಾರ ಪಡಸಾಲೆಯಲ್ಲಿ ಎರಡು ಸಾಲು ಎಲೆ ಬಿದ್ದವು. ಮಧ್ಯಾಹ್ನದ ಊಟ. ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು, ಎಲ್ಲ ಅವ್ವ ನಸುಕಿನಿಂದ ಮಾಡಿದ್ದು. ನಾನು ಹೋಳಿಗೆಯ ಬುಟ್ಟಿ ಎತ್ತಿಕೊಳ್ಳಲು ಹೋದೆ. ದೊಡ್ಡವ್ವ ಅದನ್ನು ನನ್ನ ಕೈಯಿಂದ ತೆಗೆದು ಅವ್ವನ ಕೈಗೆ ಕೊಟ್ಟಳು. ಅವ್ವ ಹೆದರಿ ಹಿಂದೆ ಸರಿದಳು. ದೊಡ್ಡವ್ವ ಅಂದಿನಂತೆಯೇ ಅವಳ ರಟ್ಟೆ ಹಿಡಿದಳು. ಈ ಸಲ ಮುಂದಕ್ಕೆ ನಡೆಸಿಕೊಂಡು ಹೋದಳು.

ಹದಿನಾಲ್ಕು ವರ್ಷದ ಮೇಲೆ ಅವ್ವ ಆ ಪಡಸಾಲೆಯಲ್ಲಿ ನಿಂತಳು. ಭಜನೆಯವರಲ್ಲಿ ಕೆಲವರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ದೊಡ್ಡಪ್ಪನ ಮುಖ ಬಿಗಿಯಿತು. ತಗ್ಗಿದ ದನಿಯಲ್ಲಿ, ಒಳಗೆ ಕರೆದುಕೊಂಡು ಹೋಗು ಎಂದ. ದೊಡ್ಡವ್ವ ಕದಲಲಿಲ್ಲ. ಎರಡನೆಯ ಸಲ ಜೋರಾಗಿ ಅಂದ. ಎಲ್ಲರ ಕೈ ಎಲೆಯ ಮೇಲೆ ನಿಂತಿತು.

ದೊಡ್ಡವ್ವ ಗಂಡನ ಮುಖ ನೋಡದೆ, ನೆಲ ನೋಡುತ್ತ ಹೇಳಿದಳು: "ಹುಡುಗಿ ಮದುವಿ ದಿನ ಇಕಿನ್ನ ಹತ್ತಿಕೋಣ್ಯಾಗ ಹಾಕಿ ಅಗಳಿ ಹಾಕಿದಾಕಿ ನಾನು. ಹಾಕು ಅಂದವರು ನೀವು. ಮುಂಜಾನಿಂದ ಸಂಜಿತನಾ ಒಂದ ತಂಬಗಿ ನೀರ ಸೈತ ಕೊಡಲಿಲ್ಲ. ಡೇರ್ಯಾಗ ಯಾರ ಸಲುವಾಗಿ ಅತ್ರಿ ನೀವು? ಇವರಿಗೆ ಹೇಳ್ರಿ."

ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟು ಚಂದದ ದನಿಯಿದ್ದವನಿಗೆ ದನಿ ಹೊರಡಲಿಲ್ಲ. ಸಾಲಿನ ಕೊನೆಯಲ್ಲಿದ್ದ ವಯಸ್ಸಾದವರೊಬ್ಬರು ಅವ್ವನ ಕಡೆ ಎಲೆ ಸರಿಸಿ, ಬಡಸವ್ವಾ ಎಂದರು. ಅವ್ವ ಬಾಗಿ ಹೋಳಿಗೆ ಹಾಕಿದಳು. ಆಮೇಲೆ ಮಗ್ಗಲಿನವರು, ಅವರ ಮಗ್ಗಲಿನವರು. ದೊಡ್ಡಪ್ಪ ಎಲೆಯ ಮುಂದಿನಿಂದ ಎದ್ದು ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಯ ಕಡೆ ಹೋದ. ಅವನ ಎಲೆಯ ಮೇಲೆ ತುಪ್ಪ ಹೆಪ್ಪುಗಟ್ಟುತ್ತ ಬಿದ್ದಿತ್ತು. ನಾನು ಬಾಗಿಲಿಗೆ ಆತು ನಿಂತು ಆ ಎಲೆಯನ್ನು ಕಣ್ತುಂಬ ನೋಡಿದೆ.

ಅವ್ವನಿಗೆ ಇದರಿಂದ ಸಂತೋಷವಾಗಲಿಲ್ಲ. ಅಂದು ಸಂಜೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ನನ್ನನ್ನು ಬೈದಳು. "ನೀ ನಾಳೆ ಬಸ್ಸ ಹತ್ತಿ ಹೊಕ್ಕಿ. ನಾ ಇದ ಮನ್ಯಾಗ ಉಣ್ಣಬೇಕು, ಇದ ಮನ್ಯಾಗ ಸಾಯಬೇಕು. ಯಾಕ ಕೆದಕಿದೆ?" ಇಲ್ಲಿ ಸಾಯಬೇಕಾಗಿಲ್ಲ, ನನ್ನ ಜೊತೆ ಬಾ ಎಂದೆ. ಮಗಳ ಮನೆಯಲ್ಲಿ ಇರಬಾರದು ಎಂದಳು. ದೊಡ್ಡವ್ವ ಒಳಗಿನಿಂದ ಬಂದು ಅವ್ವನ ಎರಡು ಸೀರೆಗಳ ಗಂಟನ್ನು ನನ್ನ ಕೈಯಲ್ಲಿಟ್ಟಳು. ಹೋಗು ತಂಗಿ, ಇಲ್ಲಿಗೆ ತಿರುಗಿ ಬರಬೇಡ ಎಂದು ಅವ್ವನಿಗೆ ಹೇಳಿ, ಕಣ್ಣೀರು ಹಾಕದೆ, ತಾನೇ ಪಾತ್ರೆ ತಿಕ್ಕಲು ಕುಳಿತಳು. ದೊಡ್ಡವ್ವನ ಮೇಲಿನ ನನ್ನ ಸಿಟ್ಟು ಅಂದೇ ಮುಗಿಯಿತು. ಮರುದಿನ ಅವ್ವ ನನ್ನ ಜೊತೆ ಗಂಗಾವತಿಯ ಬಸ್ಸು ಹತ್ತಿದಳು.

ಊರಲ್ಲಿ ಮಾತು ಬೇಗ ಹರಡಿತು. ಮುಂದಿನ ಸೋಮವಾರ ಭಜನೆಗೆ ಐದು ಜನ ಬಂದರಂತೆ, ಅದರ ಮುಂದಿನದಕ್ಕೆ ಇಬ್ಬರು. ಡೇರೆ ಕುಷ್ಟಗಿಗೆ ಹೋಯಿತು, ಯಲಬುರ್ಗಾಕ್ಕೆ ಹೋಯಿತು. ಅವನ ಕಾಗದವನ್ನು ನಂಬಿ ಬಂಧುಗಳೆಲ್ಲ ಮನೆಮಂದಿಯನ್ನು ಕಟ್ಟಿಕೊಂಡು ಆ ಸಿನಿಮಾ ನೋಡಿದರು. ನೋಡಿ ಮನೆಗೆ ಬರುವ ಹೊತ್ತಿಗೆ ಕೊಪ್ಪಳದ ಸುದ್ದಿಯೂ ಅಲ್ಲಿಗೆ ಮುಟ್ಟಿತ್ತು. ಇದನ್ನು ನಾನು ಹೂಡಿರಲಿಲ್ಲ. ಅವನೇ ತನ್ನ ಖರ್ಚಿನಲ್ಲಿ ಊರೂರಿಗೆ ತನ್ನ ಕಥೆ ಕಳಿಸಿಕೊಟ್ಟಿದ್ದ. ಆ ಬೇಸಿಗೆಯಲ್ಲಿ ಯಲಬುರ್ಗಾದಲ್ಲಿ ಒಂದು ಮದುವೆ ಇತ್ತು. ನಾನೂ ಹೋಗಿದ್ದೆ. ದೊಡ್ಡಪ್ಪ ಮುಂದಿನ ಗಾದಿಯ ಮೇಲೆ ಕುಳಿತಾಗ ಹುಡುಗನ ಕಡೆಯ ಒಬ್ಬ ಮುದುಕಿ ಹಂದರದ ಕಂಬ ಹಿಡಿದು ನಿಂತು ಕೇಳಿದಳು: "ಸಾಹುಕಾರ್ರ, ಎಲ್ಲಾರನ್ನೂ ಕರ್ಕೊಂಡ ಬಂದೀರೋ, ಯಾರಿಗರ ಅಗಳಿ ಹಾಕಿ ಬಂದೀರೋ?" ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅವನು ಊಟಕ್ಕೆ ನಿಲ್ಲದೆ ಹೋದ. ನಾನು ಅಂದು ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡೆ.

ನನಗೆ ಅವನ ಮೇಲೆ ಕನಿಕರ ಬರಬೇಕಿತ್ತು ಎಂದು ನನ್ನ ಗಂಡ ಎಷ್ಟೋ ಸಲ ಹೇಳಿದ. ಸಂತರ ಸಿನಿಮಾ ಇಷ್ಟು ನೋಡುತ್ತೀ, ಒಂದರಿಂದಲೂ ಏನೂ ಕಲಿಯಲಿಲ್ಲವಲ್ಲ ಎಂದು ನಗೆಯಾಡುತ್ತಿದ್ದ. ಕಲಿತಿದ್ದೆ. ಬೇರೆಯವರಿಗೆ ಹೇಳುವಷ್ಟು ಕಲಿತಿದ್ದೆ. ಹೆಂಗಸರಿಗೆ ಇದನ್ನು ನೋಡಿರಿ, ಧೈರ್ಯ ಬರುತ್ತದೆ ಎಂದು ಹೇಳುವಾಗ ನಾನು ಮನಸ್ಸಿನಿಂದಲೇ ಹೇಳುತ್ತಿದ್ದೆ. ಅವರು ಅತ್ತು ಹಗುರಾಗಿ ಬಂದರೆ ನನಗೂ ಹಿತವಾಗುತ್ತಿತ್ತು. ಅವನ ವಿಷಯ ಬೇರೆ.

ನಿಜಾಮರ ಆಳ್ವಿಕೆ ಮುಗಿಯುವ ಮೊದಲಿನ ಆ ಗಲಾಟೆಯ ದಿನಗಳಲ್ಲಿ ಡೇರೆಗಳು ಬರಲಿಲ್ಲ. ಎಲ್ಲ ತಣ್ಣಗಾದ ಮೇಲೆ ಗಂಗಾವತಿಯ ಬಯಲಿನಲ್ಲಿ ಮತ್ತೆ ಒಂದು ಡೇರೆ ಎದ್ದಿತು. ಆಗ ಒಂದು ಮಧ್ಯಾಹ್ನ ದೊಡ್ಡಪ್ಪ ಬಂಡಿಯಲ್ಲಿ ನಮ್ಮ ಮನೆಗೆ ಬಂದ. ನವಲಿಯ ಕಡೆ ಏನೋ ಕೆಲಸವಿತ್ತಂತೆ. ದೊಡ್ಡವ್ವ ಹಿಂದಿನ ವರ್ಷ ತೀರಿಕೊಂಡಿದ್ದಳು. ಅವನು ಬಹಳ ಇಳಿದುಹೋಗಿದ್ದ. ಕೋಲು ಊರಿಕೊಂಡು ಕಟ್ಟೆಯ ಮೇಲೆ ಕುಳಿತ. ಅವ್ವ ಸೆರಗು ಹೊದ್ದು ಮಜ್ಜಿಗೆ ತಂದು ಅವನ ಮುಂದಿಟ್ಟು ಒಳಗೆ ಹೋದಳು. ಅವನು ಅವಳ ಕಡೆ ನೋಡಲಿಲ್ಲ. ಮಜ್ಜಿಗೆ ಮಾತ್ರ ಪೂರ್ತಿ ಕುಡಿದ.

ಲೋಟ ಕೆಳಗಿಟ್ಟು ಕೇಳಿದ: "ಡೇರ್ಯಾಗ ದೇವರದು ಸಿನಿಮಾ ಬಂದೈತಂತ. ಛಲೋ ಐತೇನವ್ವಾ? ನಾ ನೋಡಬಹುದೇನು?"

ಚಿತ್ರ ಚೆನ್ನಾಗಿತ್ತು. ಹಿಂದಿನ ದಿನವಷ್ಟೇ ನೋಡಿ ಬಂದಿದ್ದೆ. ಎಲ್ಲವನ್ನೂ ಕಳೆದುಕೊಂಡ ಒಬ್ಬ ಮುದುಕ ಕೊನೆಗೆ ಮಂದಿಯ ಕಾಲಿಗೆ ನೀರು ಹಾಕುತ್ತ ನೆಮ್ಮದಿ ಕಾಣುವ ಕಥೆ. ಆ ಬೆಳಿಗ್ಗೆ ಓಣಿಯ ಮೂರು ಮನೆಗಳಿಗೆ ಹೋಗಿ, ತಪ್ಪಿಸಬೇಡಿರಿ ಎಂದು ನಾನೇ ಹೇಳಿ ಬಂದಿದ್ದೆ. ಅವನು ಅದನ್ನು ನೋಡಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು.

"ನಿಮಗ ಹೇಳೂವಂಥಾದ್ದು ಏನೂ ಬಂದಿಲ್ಲರಿ," ಎಂದೆ.

ಅವನು ನನ್ನನ್ನು ಒಂದು ಗಳಿಗೆ ನೋಡಿದ. ನಾನು ನೋಟ ತಪ್ಪಿಸಲಿಲ್ಲ. ಆಯ್ತು ಎಂದು ಕೋಲು ಹಿಡಿದು ಎದ್ದ. ಬಂಡಿ ಹತ್ತಲು ಆಳು ಕೈ ಕೊಟ್ಟ. ಎತ್ತುಗಳು ಡೇರೆಯ ಬಯಲಿನ ಮಗ್ಗಲಿನಿಂದಲೇ ಹೋದವು. ಒಳಗೆ ಬಂದಾಗ ಅವ್ವ ತಲೆ ಎತ್ತದೆ ಅಕ್ಕಿ ಆರಿಸುತ್ತಿದ್ದಳು. ಸಂಜೆ ಅವಳನ್ನು ಕರೆದುಕೊಂಡು ಸಿನಿಮಾಕ್ಕೆ ಹೋದೆ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕುಳಿತೆವು.